ಸರ್ವೆ ಅಕ್ಕ ಕುಡಿದ ನೀರು

ಆಕೆಯ ಎಡತೋಳಿನ ಒಳಭಾಗದಲ್ಲಿ, ಮೊಣಕೈಗಿಂತ ನಾಲ್ಕು ಬೆರಳು ಮೇಲೆ, ಅಡ್ಡಕ್ಕೆ ಒಂದು ನೇರ ಗೆರೆ ಇತ್ತು. ಗಾಯದ ಕಲೆಯಲ್ಲ. ಮಕ್ಕಳು ಪರೀಕ್ಷೆಗೆ ಒಯ್ಯುವಂಥ ರಟ್ಟಿನ ಪ್ಯಾಡನ್ನು ಇಪ್ಪತ್ತು ವರ್ಷ ಕಂಕುಳಲ್ಲಿ ಒತ್ತಿ ಹಿಡಿದು ಓಣಿ ಓಣಿ ತಿರುಗಿದ್ದರಿಂದ ಬಿದ್ದ ಗೆರೆ. ಕುಪ್ಪಸದ ಎಡತೋಳೂ ಅದೇ ಜಾಗದಲ್ಲಿ ಬಣ್ಣ ಕಳೆದುಕೊಂಡಿರುತ್ತಿತ್ತು. ಹೊಸ ಕುಪ್ಪಸ ಹೊಲಿಸಿದರೆ ಆರು ತಿಂಗಳಲ್ಲಿ ಅದಕ್ಕೂ ಅದೇ ಗತಿ. ಚಹಾಪುಡಿ, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತು, ಫಿನಾಯಿಲ್, ಯಾವ ಕಂಪನಿಯವರು ಏನು ಕೇಳಬೇಕೆಂದರೂ ರಾಯಚೂರಿನಲ್ಲಿ ಆಕೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಊರವರೆಲ್ಲ ಸರ್ವೆ ಅಕ್ಕ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ನಾನು ಆಕೆಗೆ ಸಿಕ್ಕಿದ್ದು ಎಂಬಿಎ ಎರಡನೇ ವರ್ಷದಲ್ಲಿ. ನಾನು ದೇವದುರ್ಗ ತಾಲೂಕಿನವಳು. ಅವ್ವ ಹತ್ತಿ ಬಿಡಿಸುವ ಕೂಲಿಗೆ ಹೋಗಿ ನನ್ನನ್ನು ಓದಿಸಿದಳು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಬಾಜೂಕ್ಕೆ ನನ್ನ ಡಿಗ್ರಿಯ ಫೋಟೋ. ಕಾಲೇಜಿನಲ್ಲಿ ಪ್ರಾಜೆಕ್ಟ್ ಮಾಡಬೇಕಿತ್ತು. ಹೈದರಾಬಾದಿನ ಒಂದು ಹೊಸ ಕಂಪನಿ ಪಾತ್ರೆ ತಿಕ್ಕುವ ಸೋಪು ತಂದಿತ್ತು. ಪ್ಲಾಸ್ಟಿಕ್ ಇಲ್ಲ, ಕಾಗದದ ಹೊದಿಕೆ. ಕಠಿಣ ರಾಸಾಯನಿಕ ಇಲ್ಲ, ಗಿಡದ ಎಣ್ಣೆ. ರಾಯಚೂರು, ಮಾನ್ವಿ, ದೇವದುರ್ಗದ ಅಂಗಡಿಗಳಲ್ಲಿ ಕೆಲವು ತಿಂಗಳು ಮಾರಿದ ಮೇಲೆ, ಒಮ್ಮೆ ಕೊಂಡವರು ಮತ್ತೆ ಕೊಳ್ಳುತ್ತಾರೋ ಇಲ್ಲವೋ, ಪರಿಸರಸ್ನೇಹಿ ವಸ್ತುಗಳ ಬಗ್ಗೆ ಈ ಕಡೆಯ ಜನರ ಮನಸ್ಸು ಹೇಗಿದೆ ಅಂತ ತಿಳಿಯಬೇಕಿತ್ತು. ಅದೇ ನನ್ನ ಪ್ರಾಜೆಕ್ಟು. ಮನೆ ಮನೆಗೆ ಹೋಗಿ ಕೇಳುವುದರಲ್ಲಿ ಪಳಗಿದವರು ಜೊತೆಗಿರಲಿ ಅಂತ ಕಂಪನಿಯ ಮ್ಯಾನೇಜರ್ ಅಕ್ಕನನ್ನು ಗೊತ್ತುಮಾಡಿದ್ದರು.

ಮೊದಲ ದಿನ ರಾಯಚೂರಿನ ಹಳೇ ಊರಿನ ಓಣಿಯೊಂದರಲ್ಲಿ ನಾನು ಫಾರ್ಮು ಹಿಡಿದು, ಪಾಠ ಒಪ್ಪಿಸುವ ಹಾಗೆ ಶುರು ಮಾಡಿದೆ: "ಹಸಿರು ಬ್ರ್ಯಾಂಡುಗಳ ಬಗ್ಗೆ ನಿಮ್ಮ ಮನೋಭಾವ ಏನ್ರೀ? ಬಹಳ ಸಕಾರಾತ್ಮಕ, ಸಕಾರಾತ್ಮಕ, ತಟಸ್ಥ..."

ಬಾಗಿಲಲ್ಲಿ ನಿಂತ ಹೆಂಗಸು ನನ್ನನ್ನು ಕನಿಕರದಿಂದ ನೋಡಿದಳು. "ಹಸರದ್ದು ಬ್ಯಾಡವಾ, ಕೈಗೆ ಬಣ್ಣ ಹತ್ತತದ. ಬಿಳೇದಿದ್ರ ಒಂದು ಕೊಟ್ಟು ಹೋಗು."

ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಓಣಿಯ ತಿರುವಿನವರೆಗೆ ಹೇಗೋ ನಡೆದಳು. ಅಲ್ಲಿ ಗೋಡೆಗೆ ಆತು ನಿಂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ನನಗೆ ಅವಮಾನವಾಗಿ ಮುಖ ಬಿಸಿಯಾಗಿತ್ತು. ನಗು ನಿಂತ ಮೇಲೆ ನನ್ನ ಬೆನ್ನು ತಟ್ಟಿದಳು.

"ತಂಗೀ, ಆಕಿ ಸರಿಯಾಗೇ ಹೇಳ್ಯಾಳ. ನೀ ಕೇಳಿದ್ದೇ ತಪ್ಪು. ಸಕಾರಾತ್ಮಕ ಅಂತ ಯಾರರ ಅಡಿಗಿಮನ್ಯಾಗ ಮಾತಾಡ್ತಾರೇನು? ನಮ್ಮವ್ವ, ನಿಮ್ಮವ್ವ ಹೆಂಗ ಮಾತಾಡ್ತಾರ ಹಂಗ ಕೇಳು."

ಆಮೇಲೆ ಆಕೆ ಕೆಲಸ ಮಾಡುವುದನ್ನು ಬೆರಗಿನಿಂದ ನೋಡುತ್ತ ಹೋದೆ. ಫಾರ್ಮನ್ನು ಮೊದಲು ತೆಗೆಯುತ್ತಲೇ ಇರಲಿಲ್ಲ. ಬಾಗಿಲಲ್ಲಿ ನಿಂತು, "ಯವ್ವಾ, ಒಂದು ಚರಿಗಿ ನೀರು ಕೊಡ್ತೀರೇನ್ರೀ?" ಅನ್ನುವಳು. ನೀರು ತರಲು ಹೋದವರ ಹಿಂದೆ ಅಂಗಳದವರೆಗೆ ಹೋಗುವಳು. ನೀರು ಕುಡಿಯುತ್ತಲೇ ಬಚ್ಚಲ ಕಟ್ಟೆಯ ಮೇಲೆ ಕಣ್ಣಾಡಿಸುವಳು. ನಮ್ಮ ಸೋಪು ಭಾರಿ ಚಲೋ ಅದ ಅಂತ ಹೊಗಳಿದವರ ಕಟ್ಟೆಯ ಮೇಲೆ ಬೇರೆ ಕಂಪನಿಯ ಸೋಪು ಕರಗುತ್ತಿರುತ್ತಿತ್ತು. "ಬಾಯಿ ನಮಗ ಮರ್ಯಾದಿ ಕೊಡ್ತದ, ಬಚ್ಚಲ ಖರೆ ಹೇಳ್ತದ" ಅನ್ನುವುದು ಆಕೆಯ ಮಾತು. ಉತ್ತರಗಳನ್ನು ಪೆನ್ನಿನಲ್ಲೇ ಬರೆಯಬೇಕು, ಪೆನ್ಸಿಲ್ ಮುಟ್ಟಕೂಡದು ಅನ್ನುವುದು ಇನ್ನೊಂದು. "ಮಂದಿ ಮಾತಿಗೆ ರಬ್ಬರ್ ಹಚ್ಚಬಾರ್ದು." ಎಸ್ಸೆಸ್ಸೆಲ್ಸಿ ದಾಟದ ಹೆಂಗಸು ಹೇಳಿದ ಈ ಎರಡು ಮಾತು ನನ್ನ ಸಂಶೋಧನಾ ವಿಧಾನದ ದಪ್ಪ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಪ್ರತಿ ಮನೆಯಿಂದ ಹೊರಬಿದ್ದ ಮೇಲೆ ಫಾರ್ಮಿನ ಅಂಚಿನಲ್ಲಿ ಒಂದೇ ಪದ ಬರೆಯುವಳು. ಸಪ್ಪೆ. ಸಿಹಿ. ಸವಳು. ಕುಡಿದ ನೀರಿನ ರುಚಿ. ಯಾಕೆಂದು ಕೇಳಿದ್ದಕ್ಕೆ, "ಮನಿ ನೆನಪಿರ್ಲಿ ಅಂತ. ಹೆಸರು ಮರೀತೀನಿ, ನೀರು ಮರಿಯಂಗಿಲ್ಲ" ಅಂದಳು.

ಆದರೆ ನೀರು ಕೇಳುವ ಸರದಿ ನನಗೆ ಬಂದಾಗ ನಾಲಿಗೆ ಏಳಲಿಲ್ಲ. ನಮ್ಮ ಮನೆಯಲ್ಲಿ ಯಾರೂ ಗುರುತಿಲ್ಲದ ಬಾಗಿಲಲ್ಲಿ ನೀರು ಕೇಳಿದವರಲ್ಲ. ಕೂಲಿಗೆ ಹೋಗುವಾಗ ಅವ್ವ ಬಾಟಲಿ ತುಂಬಿಕೊಂಡೇ ಹೋಗುತ್ತಿದ್ದಳು. ಅದು ಖಾಲಿಯಾದರೆ ಬಾಯಾರಿಕೆಯಲ್ಲೇ ಮನೆಗೆ ಬರುತ್ತಿದ್ದಳು. ಎರಡು ದಿನ ನೆಪ ಹೇಳಿದೆ. ಮೂರನೇ ದಿನ ಅಕ್ಕನಿಗೆ ಗೊತ್ತಾಯಿತು. ಏನೂ ವಿವರಿಸಲು ಬಿಡದೆ, "ಕೇಳು ತಂಗೀ. ಕೊಟ್ರ ಒಂದು ಉತ್ತರ, ಕೊಡದಿದ್ರ ಇನ್ನೊಂದು. ಎರಡೂ ನಮಗ ಬೇಕಾದ್ವೇ" ಅಂದಳು.

ಒಂದು ಹಳ್ಳಿಯಲ್ಲಿ ಧೈರ್ಯ ಮಾಡಿ ಕೇಳಿದೆ. ಮನೆಯ ಯಜಮಾನಿ ಚರಿಗೆ ತಂದಳು, ನನ್ನ ಊರು ಕೇಳಿದಳು, ಓಣಿ ಕೇಳಿದಳು. ಆಮೇಲೆ ಚರಿಗೆಯನ್ನು ನನ್ನ ಕೈಗೆ ಕೊಡದೆ, "ಬೊಗಸಿ ಹಿಡಿ" ಅಂದಳು. ನಾನು ನಿಂತಲ್ಲೇ ಕಲ್ಲಾದೆ. ಅಕ್ಕ ಪ್ಯಾಡನ್ನು ಕಟ್ಟೆಯ ಮೇಲಿಟ್ಟು, ನನ್ನ ಪಕ್ಕಕ್ಕೆ ಬಂದು, ಬಗ್ಗಿ, ತಾನೇ ಮೊದಲು ಬೊಗಸೆಯೊಡ್ಡಿದಳು. "ಹಾಕ್ರೀ ಯವ್ವಾ." ಆ ಹೆಂಗಸು ಗಲಿಬಿಲಿಯಾಗಿ ಸುರಿದಳು. ಅಕ್ಕ ಗಟಗಟ ಕುಡಿದಳು. ನಾನೂ ಕುಡಿದೆ. ಆ ಮನೆಯಲ್ಲಿ ಒಂದು ಪ್ರಶ್ನೆಯನ್ನೂ ಬಿಡದೆ ಕೇಳಿ, ಒಂದು ಉತ್ತರವನ್ನೂ ಬಿಡದೆ ಬರೆದುಕೊಂಡಳು. ಹೊರಗೆ ಬಂದು ಅಂಚಿನಲ್ಲಿ ಸವಳು ಅಂತ ಬರೆದು ಪೆನ್ನಿನ ಮುಚ್ಚಳ ಹಾಕಿದಳು.

"ನೀರಿಂದು ಬರದೀನಿ. ಮನುಷ್ಯಾರ್ದು ಬರಿಯಾಕ ಇದ್ರಾಗ ಜಾಗಾ ಇಲ್ಲ."

ಅಷ್ಟೇ. ಬಸ್ಸಿನಲ್ಲಿ ನನ್ನ ಕೈಯನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದಳು. ಮರುದಿನದಿಂದ ನಾನೇ ಮುಂದೆ ನಿಂತು ನೀರು ಕೇಳತೊಡಗಿದೆ. ಕೊಟ್ಟವರೇ ಹೆಚ್ಚು. ಮಾನ್ವಿಯಲ್ಲಿ ಅಕ್ಕಿ ಗಿರಣಿಯವರ ಮನೆಯ ಅಮ್ಮನಂತೂ ನೀರಿನ ಜೊತೆ ಮಂಡಕ್ಕಿ ಒಗ್ಗರಣೆ ಕೊಟ್ಟು, "ಬಿಸಲಾಗ ಎಷ್ಟು ತಿರಗ್ತೀರಿ, ಕೂಡ್ರಿ" ಅಂತ ಫ್ಯಾನ್ ಹಾಕಿದರು.

ಅರ್ಧಕ್ಕಿಂತ ಹೆಚ್ಚು ಮನೆಗಳು ಮುಗಿದಾಗ ಮ್ಯಾನೇಜರ್ ರಾಯಚೂರಿಗೆ ಬಂದರು. ಚುರುಕು ಮನುಷ್ಯ, ತೆಲುಗು ಬೆರೆತ ಕನ್ನಡ. ಲಾಡ್ಜಿನ ಕೋಣೆಯಲ್ಲಿ ಫಾರ್ಮುಗಳನ್ನು ತಿರುವಿ ಹಾಕಿ ಹತ್ತು ನಿಮಿಷದಲ್ಲಿ ತೀರ್ಮಾನ ಹೇಳಿದರು. ಮಾನ್ವಿಯ ಪೇಟೆಯಲ್ಲಿ ಸೋಪನ್ನು ಮತ್ತೆ ಕೊಂಡಿದ್ದಾರೆ. ದೇವದುರ್ಗದ ಕಡೆ ಕೊಂಡಿಲ್ಲ. ಮಾನ್ವಿ ಗಿರಣಿಗಳ ಊರು, ತಿಳಿದ ಜನ. ದೇವದುರ್ಗದಲ್ಲಿ ಪರಿಸರದ ಅರಿವಿಲ್ಲ, ಬಡತನ, ಹಿಂದುಳಿದ ಜಾಗ.

"ನಿನ್ನ ರಿಪೋರ್ಟಿನಲ್ಲಿ ಹೀಗೇ ಬರಿಯಮ್ಮಾ. ಉಳಿದ ದೇವದುರ್ಗದ ಫಾರ್ಮುಗಳಿಗೆ ಅಲ್ಲಿಗೆ ಹೋಗೋದೇನೂ ಬೇಡ. ಉತ್ತರ ಗೊತ್ತೇ ಇದೆಯಲ್ಲ, ಇಲ್ಲೇ ಕೂತು ತುಂಬಿಬಿಡಿ."

ನನ್ನ ತಾಲೂಕಿನ ಮೇಲೆ ನನ್ನ ಕೈಯಿಂದಲೇ ಆ ಮುದ್ರೆ ಬೀಳಲಿತ್ತು. ಪ್ರಾಜೆಕ್ಟಿನ ಮಾರ್ಕ್ಸು ಅವರ ಕೈಯಲ್ಲಿದ್ದವು. ನಾನು ತಲೆ ತಗ್ಗಿಸಿ ಕೂತೆ. ಮಾತಾಡಿದ್ದು ಅಕ್ಕ.

"ಸಾಹೇಬ್ರ, ಹೋಗದ ಮನಿ ಫಾರ್ಮಿಗೆ ನನ್ನ ಸಹಿ ಬೀಳಂಗಿಲ್ರೀ."

"ಹಾಗಾದ್ರೆ ಬೇರೆಯವರು ಸಿಗ್ತಾರಮ್ಮಾ."

"ಸಿಗ್ತಾರ್ರೀ, ಬೇಕಾದಷ್ಟು ಮಂದಿ. ನಾಲ್ಕು ದಿನ ಕೊಡ್ರಿ. ಐದನೇ ದಿನ ನೀವು ಹೇಳಿದ್ದೇ ಖರೆ ಅನಿಸಿದ್ರ ನಾನೇ ಈ ಕೆಲಸ ಬಿಡ್ತೀನಿ."

ಮ್ಯಾನೇಜರ್ ಗಡಿಯಾರ ನೋಡಿ, ಹೆಗಲು ಕುಣಿಸಿ, ಒಪ್ಪಿದರು. ಹೊರಗೆ ಬಂದವಳೇ ನಾನು ಅತ್ತುಬಿಟ್ಟೆ. "ಅಕ್ಕಾ, ನೀವ್ಯಾಕ ಕೆಲಸಾ ಪಣಕ್ಕಿಟ್ರಿ?"

"ಅಳಬ್ಯಾಡ ಬೇ. ಅವರು ತಟ್ಟಂತ ಹೇಳಿದ್ರಲ್ಲ, ಅದಕ್ಕ ನನಗ ಸಂಶಯ ಬಂತು. ತಟ್ಟಂತ ಸಿಕ್ಕ ಉತ್ತರದಾಗ ಏನೋ ಬಿಟ್ಟಿರತದ. ಬಾ ಮನಿಗೆ."

ಆಕೆಯ ಮನೆ ಒಂದೇ ಕೋಣೆ. ನೆಲ ಗುಡಿಸಿ, ಫಾರ್ಮುಗಳನ್ನೆಲ್ಲ ಹಾಸಿದೆವು. ಊರಿನ ಪ್ರಕಾರ ಜೋಡಿಸಿದೆವು, ಮನೆಯವರ ಕಸುಬಿನ ಪ್ರಕಾರ ಜೋಡಿಸಿದೆವು, ಓದಿನ ಪ್ರಕಾರ ಜೋಡಿಸಿದೆವು. ಏನೂ ಹೊಂದಲಿಲ್ಲ. ಓದಿದ ಟೀಚರಮ್ಮ ಮತ್ತೆ ಕೊಂಡಿಲ್ಲ, ಹೆಬ್ಬೆಟ್ಟಿನ ಅಜ್ಜಿ ಕೊಂಡಿದ್ದಾಳೆ. ಮಾನ್ವಿಯ ಹತ್ತಿರದ್ದೇ ಕೆಲವು ಮನೆಗಳು ಕೊಂಡಿಲ್ಲ. ರಾಯಚೂರಿನ ಬಳಿಯ ಕಲ್ಮಲದಲ್ಲಿ ಒಂದೇ ಸಾಲಿನ ಎರಡು ಮನೆ, ಎರಡು ಉತ್ತರ. ಅಕ್ಕ ಆ ಎರಡು ಫಾರ್ಮುಗಳನ್ನು ಕೈಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದಳು.

"ಈ ಮನ್ಯಾಗ ನಳದ ನೀರು, ಸಿಹಿ. ಇದು ಬೋರಿಂದು. ಸವಳು..."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಮರುಕ್ಷಣ ಇಬ್ಬರೂ ನೆಲಕ್ಕೆ ಬಿದ್ದು, ಅಂಚಿನ ಪದ ನೋಡಿ ನೋಡಿ ಫಾರ್ಮುಗಳನ್ನು ಎರಡು ಗುಂಪು ಮಾಡತೊಡಗಿದೆವು. ಸಪ್ಪೆ, ಸಿಹಿ ಈ ಕಡೆ. ಸವಳು ಆ ಕಡೆ. ಮತ್ತೆ ಕೊಂಡವರೆಲ್ಲ ಹೆಚ್ಚುಕಮ್ಮಿ ಒಂದೇ ಕಡೆ ಬಂದು ಬಿದ್ದಿದ್ದರು. ಮಾನ್ವಿಯ ಪೇಟೆಯ ಜನ ಕಾಲುವೆಯ ನೀರು ಬಳಸುತ್ತಿದ್ದರು. ನಾವು ತಿರುಗಿದ ದೇವದುರ್ಗದ ಹಳ್ಳಿಗಳಲ್ಲಿ ಬೋರಿನ ನೀರು. ಸವಳು ನೀರಿನಲ್ಲಿ ಆ ಸೋಪಿಗೆ ನೊರೆ ಬರುವುದಿಲ್ಲ! ಅರಿವಿನ ಮಾತೇ ಅಲ್ಲ, ನೀರಿನ ಮಾತು!

ಅಕ್ಕ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಐವತ್ತು ದಾಟಿದ ಹೆಂಗಸು, ಆ ಸಣ್ಣ ಕೋಣೆಯಲ್ಲಿ ಫಾರ್ಮು ತುಳಿಯದ ಹಾಗೆ ತುದಿಗಾಲಲ್ಲಿ ಒಂದು ಸುತ್ತು ಕುಣಿದೇಬಿಟ್ಟಳು. ನನ್ನ ಬದುಕಿನಲ್ಲಿ ಅಂಥ ಖುಷಿಯ ಮಧ್ಯಾಹ್ನ ಇನ್ನೊಂದಿಲ್ಲ.

"ನಡಿ ಗಬ್ಬೂರಿಗೆ" ಅಂದಳು. "ನೊರಿ ಬರಂಗಿಲ್ಲ ಅನ್ನೋದು ಸಿಕ್ಕಿತು. ಆದ್ರ ಅವರ ಮನಸ್ಸಿನ್ಯಾಗ ಏನದ, ಅದನ್ನ ಇನ್ನೂ ಕೇಳಿಲ್ಲ."

ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಆಕೆ ಫಾರ್ಮಿನ ಹಿಂಬದಿಯಲ್ಲಿ ಹೊಸ ಪ್ರಶ್ನೆ ಬರೆದಳು: ಭಾಂಡೆ ತೊಳೆದ ನೀರು ಎಲ್ಲಿಗೆ ಹೋಗ್ತದ್ರೀ? ಇದೆಂಥ ಪ್ರಶ್ನೆ ಅಂತ ನನಗೆ ಅನುಮಾನ. ಗಬ್ಬೂರು ದೇವದುರ್ಗ ತಾಲೂಕಿನದೇ ಊರು; ಅಲ್ಲಿ ಹಿಂದೊಮ್ಮೆ ಫಾರ್ಮು ತುಂಬಿಸಿದ್ದ ಮನೆಗೇ ಮೊದಲು ಹೋದಾಗ ನಡುವಯಸ್ಸಿನ ಹೆಂಗಸೊಬ್ಬಳು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಅಕ್ಕ ಕುಕ್ಕರಗಾಲಲ್ಲಿ ಆಕೆಯ ಎದುರು ಕೂತು ಕೇಳಿದಳು. ಆ ಹೆಂಗಸು ಬೂದಿ ಮೆತ್ತಿದ ಕೈಯಿಂದ ಗೋಡೆಯ ಮೂಲೆಯನ್ನು ತೋರಿಸಿದಳು.

"ಅಲ್ಲಿ ನೋಡ್ರಿ ಯಕ್ಕಾ, ಕರಿಬೇವಿನ ಗಿಡಕ್ಕ ಹೋಗ್ತದ. ಹಿಂದ ಒಂದು ಗಿಡ ಇತ್ತು. ಅಂಗಡ್ಯಾಗಿನ ಪುಡಿ ತಂದು ತಿಕ್ಕಾಕತ್ತಿದ ಮ್ಯಾಲ ಒಣಗಿಹೋತು. ಅವತ್ತಿಂದ ಬೂದಿನೇ ಬಳಸ್ತೀನಿ. ನೀವು ತಂದಿದ್ದು ಗಿಡಕ್ಕ ಏನೂ ಮಾಡಂಗಿಲ್ಲ ಅಂದ್ರಂತ ಖುಷಿಲೇ ತಗೊಂಡ್ನಿ. ಏನ್ ಮಾಡ್ಲಿ, ಎಷ್ಟು ತಿಕ್ಕಿದ್ರೂ ಮಜ್ಜಿಗಿ ಒಡದಂಗ ಆತು, ಜಿಡ್ಡು ಹೋಗ್ಲೇ ಇಲ್ಲ."

"ಮತ್ತ ಅವತ್ತು ನಾವು ಬಂದಾಗ ಚಲೋ ಅದ ಅಂದ್ರಲ್ರೀ?"

"ನೀವು ಬಿಸಲಾಗ ಬಂದಿದ್ರಿ. ಮನಿಗೆ ಬಂದವರ ಮನಸ್ಸು ನೋಯಸ್ಲೇನು?"

ಆ ದಿನ ನಾವು ಓಣಿಯಿಂದ ಓಣಿಗೆ ಓಡಿದೆವು ಅಂತಲೇ ಹೇಳಬೇಕು. ಒಂದು ಮನೆಯಲ್ಲಿ ತೊಳೆದ ನೀರು ಬಾಳೆಗೆ, ಇನ್ನೊಂದರಲ್ಲಿ ಎಮ್ಮೆಯ ಬಾನಿಗೆ. ಎಮ್ಮೆ ಕುಡಿಯುವ ನೀರಿಗೆ ಏನು ಬೀಳಬಾರದು, ಏನು ಬೀಳಬಹುದು ಅಂತ ಆ ಹೆಂಗಸರಿಗೆ ಗೊತ್ತಿದ್ದಷ್ಟು ನನ್ನ ಪಠ್ಯಕ್ಕೆ ಗೊತ್ತಿರಲಿಲ್ಲ. ಪರಿಸರ ಅನ್ನುವ ಪದ ಅವರ ಬಾಯಲ್ಲಿ ಬರಲಿಲ್ಲ. ಬಂದದ್ದು ಗಿಡ, ಎಮ್ಮೆ, ಗಟಾರ, ಕೈಯ ಚರ್ಮ. ನಾನು ಬರೆದು ಬರೆದು ಎರಡು ಪೆನ್ನು ಮುಗಿಸಿದೆ.

ಐದನೇ ದಿನ ಲಾಡ್ಜಿನ ಕೋಣೆಗೆ ಅಕ್ಕ ಅಕ್ಕಿ ಚೀಲದ ಕೈಚೀಲವೊಂದನ್ನು ಹಿಡಿದು ಬಂದಳು. ಮೇಜಿನ ಮೇಲೆ ಐದು ಬಾಟಲಿ ಸಾಲಾಗಿ ಇಟ್ಟಳು. ರಾಯಚೂರಿನ ನಳದ ನೀರು, ಮಾನ್ವಿಯ ಕಾಲುವೆಯದು, ಕಲ್ಮಲದ ಬೋರಿನದು, ಸಿರವಾರದ ಹಾದಿಯ ಒಂದು ಬೋರಿನದು, ಗಬ್ಬೂರಿನದು. ಕಂಪನಿಯದೇ ಸೋಪನ್ನು ಚಾಕುವಿನಿಂದ ಹೆರೆದು ಎಲ್ಲದರಲ್ಲೂ ಸಮನಾಗಿ ಹಾಕಿದಳು.

"ಸಾಹೇಬ್ರ, ಮಾತು ಬ್ಯಾಡ್ರಿ. ಒಂದೊಂದೇ ಅಲ್ಲಾಡಿಸ್ರಿ."

ಮ್ಯಾನೇಜರ್ ನಕ್ಕು ಮೊದಲನೆಯದನ್ನು ಅಲ್ಲಾಡಿಸಿದರು. ನೊರೆ ಕತ್ತಿನವರೆಗೆ ಬಂತು. ಎರಡನೆಯದು, ಮುಚ್ಚಳ ತೆಗೆದರೆ ಉಕ್ಕಿ ಅಂಗಿಯ ಮೇಲೆ ಬಿತ್ತು. ಮೂರನೆಯದು, ಬಿಳಿ ಬಿಳಿ ಹೆಪ್ಪು. ನಾಲ್ಕನೆಯದನ್ನು ಅಲ್ಲಾಡಿಸುವಾಗ ಅವರ ನಗು ನಿಂತಿತ್ತು. ಐದನೆಯದನ್ನು ಎದ್ದು ನಿಂತು, ಎರಡೂ ಕೈಯಲ್ಲಿ ಹಿಡಿದು, ಹಟಕ್ಕೆ ಬಿದ್ದವರ ಹಾಗೆ ಅಲ್ಲಾಡಿಸಿದರು. ನೊರೆಯ ಒಂದು ಗುಳ್ಳೆಯೂ ನಿಲ್ಲಲಿಲ್ಲ.

ಆಗ ನಾನು ಬಾಯಿ ಬಿಟ್ಟೆ. ಕರಿಬೇವು, ಎಮ್ಮೆಯ ಬಾನಿ, ಬೂದಿ, ಅಂಚಿನ ಪದಗಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕೊನೆಗೆ, "ಸರ್, ದೇವದುರ್ಗದ ಜನಕ್ಕೆ ಅರಿವಿಲ್ಲ ಅಂತ ನಾನು ಬರೆಯೋದಿಲ್ಲ. ನಮಗೇ ಅವರ ನೀರಿನ ಅರಿವಿರಲಿಲ್ಲ ಅಂತ ಬರೀತೀನಿ" ಅಂದೆ.

ಮ್ಯಾನೇಜರ್ ಒಂದೊಂದೇ ಬಾಟಲಿಯ ಮುಚ್ಚಳ ಬಿಗಿಮಾಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, "ಅಮ್ಮಾ, ಈ ಐದೂ ಬಾಟಲಿ ನನಗೆ ಕೊಡಿ, ಹೈದರಾಬಾದಿಗೆ ಒಯ್ಯಬೇಕು" ಅಂದರು. ಒರಟಾಗಿ ಮಾತಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ ಅಂತಲೂ ಸೇರಿಸಿದರು. ಒಳ್ಳೆಯ ಮನುಷ್ಯ. ಅವಸರವಿತ್ತು, ಅಷ್ಟೇ.

ಮುಂದಿನ ಚಳಿಗಾಲಕ್ಕೆ ಸವಳು ನೀರಿಗೆ ಹೊಂದುವ ಪುಡಿ ಕಾಗದದ ಪೊಟ್ಟಣದಲ್ಲಿ ಬಂತು. ಮೊದಲ ಪೊಟ್ಟಣವನ್ನು ನಾವಿಬ್ಬರೂ ಗಬ್ಬೂರಿಗೆ ಒಯ್ದೆವು. ಕರಿಬೇವಿನ ಮನೆಯ ಹೆಂಗಸು ಜಿಡ್ಡಿನ ಬಾಣಲೆಗೇ ಹಚ್ಚಿದಳು. ನೊರೆ ಎದ್ದಿತು. ಆಕೆ ಬಾಣಲೆಯನ್ನು ಎತ್ತಿ ಹಿಡಿದು ಗೋಡೆಯಾಚೆ ಕೂಗಿದಳು: "ಏ ಬರ್ರೇ, ನಮ್ಮ ನೀರಾಗೂ ನೊರಿ ಬಂತು!" ಓಣಿಯ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು. ಆದರೂ ಅಕ್ಕ, "ಈಗ ಚಲೋ ಅಂತ ಹೇಳಬ್ಯಾಡ್ರಿ. ಗಿಡ ಹೆಂಗದ ನೋಡಾಕ ತಿಂಗಳು ಬಿಟ್ಟು ಬರ್ತೀನಿ" ಅಂದಳು. ಹೇಳಿದ ಹಾಗೆ ಹೋದಳು ಕೂಡ, ಯಾರೂ ಕಳಿಸದಿದ್ದರೂ.

ನನ್ನ ಪ್ರಾಜೆಕ್ಟಿನ ಮೊದಲ ಪುಟದಲ್ಲಿ ನನ್ನ ಹೆಸರಿನ ಕೆಳಗೆ ಅಕ್ಕನ ಹೆಸರು ಹಾಕಿ, ಕ್ಷೇತ್ರ ಸಂಶೋಧಕಿ ಅಂತ ಬರೆಸಿದ್ದೆ. ಕಾಲೇಜಿನಲ್ಲಿ ಒಬ್ಬರು ಇದು ಪದ್ಧತಿಯಲ್ಲ ಅಂದರು. ನಾನು ತೆಗೆಯಲಿಲ್ಲ. ಅಕ್ಕ ಕನ್ನಡಕ ಏರಿಸಿ, ಬೆರಳಿಟ್ಟು ಓದಿದಳು.

"ಸಂಶೋಧಕಿ ಅಂದ್ರ ಹುಡುಕಾಕಿ ಅಲ್ಲೇನು?"

"ಹೌದ್ರೀ ಅಕ್ಕಾ."

"ಹಂಗಾರ ಖರೆ ಅದ, ಇರ್ಲಿ ಬಿಡು."

ಅದೇ ವರದಿಯಿಂದ ನನಗೆ ಕೆಲಸ ಸಿಕ್ಕಿತು. ಈಗ ನನ್ನ ಕೈಕೆಳಗೆ ಒಂದಷ್ಟು ಹುಡುಗಿಯರು ಊರೂರು ತಿರುಗಿ ಕೇಳುತ್ತಾರೆ. ಅಕ್ಕನೇ ಬಂದು ಅವರಿಗೆ ಕಲಿಸುತ್ತಿದ್ದಳು. ಹೋದ ಆಷಾಢದಲ್ಲಿ ಎದೆನೋವು ಅಂತ ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ಸುದ್ದಿ ತಿಳಿದು ನಾನು ಹೋದಾಗ ಆ ಒಂದೇ ಕೋಣೆಯ ಮನೆಯ ಮುಂದೆ ಓಣಿಯವರು ಸೇರಿದ್ದರು. ಕಂಪನಿಗಳವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗಬ್ಬೂರಿನ ಆ ಹೆಂಗಸು ಬಸ್ಸಿಳಿದು, ದಾರಿ ಕೇಳುತ್ತ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಒಂದು ಹೂವಿನ ಹಾರ. ನಾನು ಎದ್ದು ಹೋಗಿ, ಇಷ್ಟು ದೂರ ಬಂದಿರಾ ಅಂತ ಕೇಳಿದೆ.

"ಬರ್ಲಿಕ್ಕೇ ಬೇಕಿತ್ತವಾ" ಅಂದಳು. "ನನ್ನ ಲಗ್ನಕ್ಕ ನನ್ನ ಕೇಳಲಿಲ್ಲ, ಹೊಲ ಮಾರೋವಾಗ ಕೇಳಲಿಲ್ಲ. ಇಷ್ಟು ವರ್ಷದಾಗ, ನಿನಗ ಏನು ಬೇಕು, ಯಾಕ ಬೇಕು ಅಂತ ಎದುರಿಗೆ ಕುಂತು ಕೇಳಿದಾಕಿ ಈಕಿ ಒಬ್ಬಾಕಿನೇ."

ಆಮೇಲೆ ಆಕೆ ತನ್ನ ಮಾತು ತೆಗೆದಳು. ಮನೆಯದು, ಮಕ್ಕಳದು, ಹೋದ ವರ್ಷದ ಹತ್ತಿಯದು. ನಾನು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಮುಗಿಯುವವರೆಗೆ, ನಡುವೆ ಒಂದು ಮಾತೂ ಆಡದೆ ಕೇಳಿದೆ.